ದುಃಖ ಬೇರೆ, ಕೊರಗು ಬೇರೆ: ಮನಸ್ಸು ಭಾರವಾದಾಗ ಏನು ಮಾಡಬೇಕು?

ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ಗಡಿಯಾರಕ್ಕೆ ಬ್ಯಾಟರಿ ಹುಡುಕುತ್ತ ಮೇಜಿನ ಡ್ರಾಯರ್ ಎಳೆದೆ. ಅವರ ಕನ್ನಡಕದ ಡಬ್ಬಿ ಸಿಕ್ಕಿತು. ತೆರೆದರೆ ಕನ್ನಡಕ ಹಾಗೇ ಇತ್ತು. ಎಡಗಡೆಯ ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಕೂಡ ಇತ್ತು. ಅದನ್ನು ಒರೆಸಲು ಕೈ ಬರಲಿಲ್ಲ. ಡಬ್ಬಿ ಮುಚ್ಚಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅರ್ಧ ಗಂಟೆ ಆದ ಮೇಲೆ ಎದ್ದು ಮುಖ ತೊಳೆದೆ, ಬ್ಯಾಟರಿ ಹುಡುಕಿ ಗಡಿಯಾರಕ್ಕೆ ಹಾಕಿದೆ.

ಅದು ದುಃಖ. ಆದರೆ ಅದೇ ರಾತ್ರಿ ಹಾಸಿಗೆಯಲ್ಲಿ ನಡೆದದ್ದು ಬೇರೆ. "ಆವತ್ತು ಒಂದು ಗಂಟೆ ಮುಂಚೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ? ನಾನು ಎಂಥ ಮಗಳು?" ಅಂತ ಬೆಳಗಿನ ಜಾವ ಮೂರು ಗಂಟೆಯವರೆಗೆ ಹೊರಳಾಡಿದೆ. ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆಯೇ ಪದ ಇದೆ: ಕೊರಗು. ಅತ್ತ ಅರ್ಧ ಗಂಟೆ ನನ್ನನ್ನು ಹಗುರ ಮಾಡಿತ್ತು. ಕೊರಗಿದ ನಾಲ್ಕು ಗಂಟೆ ಮರುದಿನವನ್ನೂ ತಿಂದುಹಾಕಿತು.

ಇವೆರಡನ್ನು ಬೇರೆ ಮಾಡಿ ನೋಡಲು ಕಲಿತದ್ದೇ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ದುಃಖಕ್ಕೆ ಜಾಗ ಕೊಡಬೇಕು. ಕೊರಗಿನಿಂದ ನಮ್ಮನ್ನು ನಾವೇ ಕೈಹಿಡಿದು ಎಬ್ಬಿಸಬೇಕು. ನಾನು ಡಾಕ್ಟರ್ ಅಲ್ಲ. ಓದಿ ತಿಳಿದದ್ದನ್ನೂ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬದುಕೇ ಬೇಡ ಅನ್ನುವ ಯೋಚನೆ ನಿಮಗೆ ಈಗ ಬರುತ್ತಿದ್ದರೆ ಉಳಿದದ್ದೆಲ್ಲ ಆಮೇಲೆ ಓದಬಹುದು, ಮೊದಲು "ಡಾಕ್ಟರ ಹತ್ತಿರ ಯಾವಾಗ?" ಭಾಗಕ್ಕೆ ಹೋಗಿ.

ಮೊದಲು: ಇದು ಯಾವ ಬೇಜಾರು?

"ಬೇಜಾರು" ಅನ್ನುವುದು ಎಲ್ಲಕ್ಕೂ ಹೊಂದುವ ಪದ. ಮಾಡಲು ಕೆಲಸ ಇಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಹತ್ತಿರದವರು ತೀರಿಕೊಂಡರೂ ಬೇಜಾರು. ಮಾತಾಡಲು ಇದು ಸುಲಭ. ಆದರೆ ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಸಾಲದು.

ಐದು ನಿಮಿಷ ಸುಮ್ನೆ ಕೂತು ಸರಿಯಾದ ಪದ ಹುಡುಕಿ. ಬಯಸಿದ್ದು ಸಿಗದ ನಿರಾಸೆಯೇ? ಯಾರೂ ಇಲ್ಲ ಅನ್ನುವ ಒಂಟಿತನವೇ? ನಾಲ್ಕು ಜನರ ಮುಂದೆ ಆದ ಅವಮಾನವೇ? ಹೇಳಲಾಗದೆ ಒಳಗೇ ಉಳಿದ ಸಿಟ್ಟೇ? ಬರೀ ದಣಿವೇ? ಅಥವಾ ಏನೂ ಅನ್ನಿಸದ ಖಾಲಿತನವೇ? ಹೆಸರು ಸಿಕ್ಕರೆ ದಾರಿಯೂ ಸ್ವಲ್ಪ ಕಾಣುತ್ತದೆ. ಒಂಟಿತನಕ್ಕೆ ನಿದ್ದೆ ಮದ್ದಲ್ಲ. ದಣಿವಿಗೆ ಜನರ ಗುಂಪು ಮದ್ದಲ್ಲ.

ಹೆಸರಿಡುವುದರಿಂದಲೇ ಒಂದಿಷ್ಟು ಭಾರ ಇಳಿಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಜನರಿಗೆ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಚಿತ್ರದಲ್ಲಿದ್ದ ಭಾವನೆಗೆ ಒಂದು ಪದ ಆರಿಸಿದಾಗ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಭಯ, ಗಾಬರಿಯ ಹೊತ್ತಿನಲ್ಲಿ ಜೋರಾಗಿ ಕೆಲಸ ಮಾಡುವ ಭಾಗ ಅದು.

ಹೆಸರು ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ: ನಾನು ಏನು ಕಳೆದುಕೊಂಡೆ? ದುಃಖದ ಬೇರಿನಲ್ಲಿ ಸಾಮಾನ್ಯವಾಗಿ ಏನೋ ಒಂದು ಕಳೆದಿರುತ್ತದೆ. ಎಲ್ಲ ಸಲವೂ ಅದು ಕಣ್ಣಿಗೆ ಕಾಣುವುದಿಲ್ಲ. ನನ್ನ ಗೆಳತಿಯೊಬ್ಬಳಿಗೆ ಜಾಸ್ತಿ ಸಂಬಳದ ಹೊಸ ಕೆಲಸ ಸಿಕ್ಕಿತು. ಅವಳಿಗೆ ದಿನಾ ಸಂಜೆ ಅಳು. "ಒಳ್ಳೆಯದೇ ಆಗಿದೆಯಲ್ಲ, ಅಳೋದು ಯಾಕೆ?" ಅಂತ ತನ್ನ ಮೇಲೇ ಕೋಪ ಬೇರೆ. ಒಂದು ದಿನ ಮಾತಾಡುತ್ತ ಕೂತಾಗ ಗೊತ್ತಾಯಿತು: ಹಳೆಯ ಆಫೀಸಿನಲ್ಲಿ ಮಧ್ಯಾಹ್ನ ಮೂವರು ಸೇರಿ ಊಟಕ್ಕೆ ಕೂರುತ್ತಿದ್ದ ಅರ್ಧ ಗಂಟೆ ಈಗ ಇಲ್ಲ. ಒಂಬತ್ತು ವರ್ಷ ದಿನಾ ಸಿಕ್ಕಿದ್ದ ಅರ್ಧ ಗಂಟೆ ಅದು. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವಳಿಗೆ ತನ್ನ ಮೇಲಿದ್ದ ಕೋಪ ಹೋಯಿತು. ವಾರಕ್ಕೊಮ್ಮೆ ಆ ಇಬ್ಬರ ಜೊತೆ ಊಟಕ್ಕೆ ಸೇರಲು ಶುರು ಮಾಡಿದಳು.

ಎಷ್ಟು ಹುಡುಕಿದರೂ ಕಾರಣ ಸಿಗದಿದ್ದರೆ ಮೈಯ ಕಡೆ ನೋಡಿ. ಸರಿಯಾಗಿ ನಿದ್ದೆ ಇಲ್ಲದ ವಾರ, ಮುಟ್ಟಿನ ಮುಂಚಿನ ದಿನಗಳು, ಕುಡಿತ, ಥೈರಾಯ್ಡ್ ಕಡಿಮೆಯಾಗುವುದು, ರಕ್ತಹೀನತೆ, ಬಿ12 ವಿಟಮಿನ್ ಕೊರತೆ, ಹೊಸದಾಗಿ ಶುರು ಮಾಡಿದ ಕೆಲವು ಮಾತ್ರೆಗಳು, ಇವೆಲ್ಲ ಮನಸ್ಸನ್ನು ಮಂಕು ಮಾಡಬಲ್ಲವು. ಬಿಸಿಲು ಕಡಿಮೆ ಇರುವ ತಿಂಗಳುಗಳಲ್ಲಿ ಪ್ರತಿ ವರ್ಷ ಕುಗ್ಗುವವರೂ ಇದ್ದಾರೆ. ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ತಂಡ 1984ರಲ್ಲಿ ಇದನ್ನು ವಿವರವಾಗಿ ದಾಖಲಿಸಿತು. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವ ವಿಷಯಕ್ಕೆ ತಿಂಗಳುಗಟ್ಟಲೆ ತನ್ನ ಸ್ವಭಾವವನ್ನೇ ಬೈದುಕೊಳ್ಳುತ್ತ ಇರುವುದು ಬೇಡ.

ಅಳು ಬಂದರೆ ಬರಲಿ

ದುಃಖವನ್ನು ಒತ್ತಿ ಹಿಡಿದರೆ ಹೋಗುವುದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದು. ಬಂದವರಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಯೋಚಿಸಬಹುದು" ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಇವರ ತಲೆಯಲ್ಲಿ ಕರಡಿ ಜಾಸ್ತಿ ಓಡಾಡಿತು. ಬಿಳಿ ಕರಡಿಗೇ ಹೀಗಾದರೆ, ಬಿಟ್ಟುಹೋದ ಮನುಷ್ಯರ ನೆನಪನ್ನು ಒತ್ತಿ ಹಿಡಿಯಲು ಆಗುತ್ತದೆಯೇ?

ಜಾಗ ಕೊಡುವುದು ಅಂದರೆ ಇಷ್ಟೇ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಹದಿನೈದು ಇಪ್ಪತ್ತು ನಿಮಿಷ ಕೂರಿ. ದುಃಖ ಮೈಯಲ್ಲಿ ಎಲ್ಲಿದೆ ನೋಡಿ: ಗಂಟಲು ಬಿಗಿದಿದೆಯೇ, ಎದೆ ಭಾರವೇ, ಹೊಟ್ಟೆಯಲ್ಲಿ ಸಂಕಟವೇ? ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಅಳು ಬಂದರೆ ಅಳಿ. ಬರದಿದ್ದರೆ ಬಲವಂತ ಬೇಡ. ಕಣ್ಣೀರು ಬಾರದವರ ದುಃಖ ಕಡಿಮೆ ಏನಲ್ಲ. ಗಂಡಸರು ಅಳಬಾರದು ಅಂತ ಯಾರು ಹೇಳಿಕೊಟ್ಟರೋ, ಅದರಿಂದ ಎಷ್ಟೋ ಜನರಿಗೆ ದುಃಖ ಬಂದಾಗ ಸಿಟ್ಟು ಮಾಡುವುದೊಂದೇ ಗೊತ್ತು. ಮನೆಯಲ್ಲಿ ಹುಡುಗ ಅಳುತ್ತಿದ್ದರೆ ದಯವಿಟ್ಟು ಬಾಯಿ ಮುಚ್ಚಿಸಬೇಡಿ.

ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ ಒತ್ತರಿಸಿಕೊಂಡು ಬಂದರೆ? "ಸಂಜೆ ಏಳಕ್ಕೆ" ಅಂತ ಮನಸ್ಸಿಗೆ ಸಮಯ ಕೊಡಿ. ಏಳಕ್ಕೆ ನಿಜವಾಗಿಯೂ ಕೂರಿ. ಮಾತು ತಪ್ಪಿದರೆ ಮರುದಿನ ಮನಸ್ಸು ನಂಬುವುದಿಲ್ಲ.

ಕೊರಗನ್ನು ಹಿಡಿಯುವುದು ಹೇಗೆ?

ಕೊರಗು ಗಾಣದ ಎತ್ತಿನ ಹಾಗೆ. ಇಡೀ ದಿನ ನಡೆಯುತ್ತದೆ, ಇದ್ದಲ್ಲೇ ಇರುತ್ತದೆ. ಯೋಚನೆ ಮಾಡುತ್ತಿದ್ದೇನೆ, ಏನೋ ಪರಿಹಾರ ಸಿಗಬಹುದು ಅಂತ ನಮಗೆ ಅನ್ನಿಸುತ್ತಿರುತ್ತದೆ. ಅದರ ಮೋಸ ಇರುವುದೇ ಅಲ್ಲಿ.

ಸೂಸನ್ ನೋಲೆನ್-ಹೋಕ್ಸೆಮ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಿಗೆ ಅವರು ಬೇಜಾರಾದಾಗ ನೀವು ಏನು ಮಾಡುತ್ತೀರಿ ಅಂತ ಕೇಳಿ ಉತ್ತರ ಪಡೆದಿದ್ದರು. ಎರಡು ವಾರಕ್ಕೆ, 1989ರ ಅಕ್ಟೋಬರ್‌ನಲ್ಲಿ, ಅಲ್ಲಿ ದೊಡ್ಡ ಭೂಕಂಪ ಆಯಿತು. ಆಮೇಲೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ಭೂಕಂಪಕ್ಕೆ ಮುಂಚೆಯೇ ಕೊರಗುವ ಅಭ್ಯಾಸ ಇದ್ದವರು ಏಳು ವಾರ ಕಳೆದರೂ ಜಾಸ್ತಿ ಕುಗ್ಗಿದ್ದರು. ಇದು ಅಭ್ಯಾಸ ಅನ್ನುವುದು ನನಗೆ ದೊಡ್ಡ ಸಮಾಧಾನ. ಅಭ್ಯಾಸವನ್ನು ನಿಧಾನಕ್ಕಾದರೂ ಬದಲಿಸಬಹುದಲ್ವಾ?

ಹಿಡಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: "ಈ ಯೋಚನೆಯಿಂದ ನಾಳೆ ಮಾಡಬಹುದಾದ ಒಂದು ಕೆಲಸ ಹುಟ್ಟುತ್ತದೆಯೇ?" ಹುಟ್ಟುವುದಾದರೆ ಅದು ಯೋಚನೆ. ಆ ಕೆಲಸವನ್ನು ಚೀಟಿಯಲ್ಲಿ ಬರೆದಿಡಿ. ಹತ್ತು ನಿಮಿಷ ಕಳೆದರೂ ಏನೂ ಹುಟ್ಟದಿದ್ದರೆ ಅದು ಕೊರಗು. "ಬಂತು ನೋಡು ಕೊರಗು" ಅಂತ ಮನಸ್ಸಿನಲ್ಲೇ ಹೇಳಿಕೊಂಡು ಜಾಗ ಬಿಟ್ಟು ಏಳಿ. ಏಳುವುದು ಮುಖ್ಯ. ಕೂತ ಜಾಗದಲ್ಲೇ ಕೂತು ಅದನ್ನು ನಿಲ್ಲಿಸಲು ನೋಡಿದರೆ ಬಿಳಿ ಕರಡಿಯ ಕಥೆಯೇ ಆಗುತ್ತದೆ. ಕೈಗೆ ಕೆಲಸ ಕೊಡಿ: ಪಾತ್ರೆ ತೊಳೆಯಿರಿ, ಗಿಡಕ್ಕೆ ನೀರು ಹಾಕಿ, ಕಪಾಟಿನ ಒಂದು ಅರೆ ಜೋಡಿಸಿ. ರಾತ್ರಿ ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದೆ ಅದೇ ಯೋಚನೆ ಸುತ್ತುತ್ತಲೇ ಇದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂರಿ. ನಿದ್ದೆ ಎಳೆದಾಗ ಮಾತ್ರ ವಾಪಸ್ ಬನ್ನಿ.

ಇನ್ನೊಂದು, ಪ್ರಶ್ನೆಯ ಪದ ಬದಲಿಸುವುದು. "ನನಗೇ ಯಾಕೆ ಹೀಗಾಗುತ್ತದೆ?" ಅನ್ನುವುದಕ್ಕೆ ತಳವೇ ಇಲ್ಲ. "ಇವತ್ತು ಏನಾಯಿತು? ಮುಂದಿನ ಒಂದು ಗಂಟೆ ಹೇಗೆ ಕಳೆಯಲಿ?" ಅನ್ನುವುದಕ್ಕೆ ಉತ್ತರ ಇದೆ.

ಕೊರಗಿನ ಮಾತಿನಲ್ಲಿ "ಯಾವಾಗಲೂ", "ಯಾವತ್ತೂ", "ಎಲ್ಲರೂ", "ಯಾರೂ" ಜಾಸ್ತಿ ಇರುತ್ತವೆ. "ನಾನು ಯಾವಾಗಲೂ ಹೀಗೇ", "ಯಾರಿಗೂ ನಾನು ಬೇಡ." ಕುಗ್ಗಿದ ಮನಸ್ಸು ತನ್ನ ಬಗ್ಗೆ ಹೀಗೆ ಸುಳ್ಳು ತೀರ್ಪು ಕೊಡುತ್ತದೆ ಎಂಬುದನ್ನು 1960ರ ದಶಕದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಗಮನಿಸಿದರು. ಅದರ ಮೇಲೇ ಒಂದು ಚಿಕಿತ್ಸೆಯನ್ನು ಕಟ್ಟಿದರು. ಮನೆಯಲ್ಲೇ ಮಾಡಬಹುದಾದದ್ದು: ಆ ವಾಕ್ಯವನ್ನು ಕಾಗದದ ಮೇಲೆ ಬರೆದು, ನಿಮ್ಮ ತಂಗಿ ಬಂದು ಇದೇ ಮಾತು ಹೇಳಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ ಅಂತ ಅದರ ಕೆಳಗೆ ಬರೆಯಿರಿ. "ಒಂದು ಗಂಟೆ ಮುಂಚೆ ಹೋಗಿದ್ದರೆ" ಅನ್ನುವುದರ ಕೆಳಗೆ ನಾನು ಬರೆದದ್ದು ಇದು: "ಆ ಒಂದು ಗಂಟೆ ಅಪ್ಪ ಪೇಪರ್ ಓದುತ್ತ ಕೂತಿದ್ದರು. ಬರೀ ಗ್ಯಾಸ್ಟ್ರಿಕ್ ಅಂದರು. ಆಗ ನಿನಗೆ ಗೊತ್ತಿದ್ದದ್ದು ಅಷ್ಟೇ." ಇದನ್ನು ಓದಿದ ತಕ್ಷಣ ಕೊರಗು ಹೋಗಲಿಲ್ಲ. ಆದರೆ ಆಮೇಲಿನ ರಾತ್ರಿಗಳಲ್ಲಿ ಅದರ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಒಂದು ಮಾತಿತ್ತು.

ನಿಜವಾಗಿಯೂ ತಪ್ಪು ಮಾಡಿದ್ದರೆ ಅದು ಬೇರೆ ವಿಷಯ. ಆಗ ಕೊರಗುವ ಬದಲು ಹೋಗಿ ತಪ್ಪಾಯಿತು ಅನ್ನಬೇಕು.

ಮನಸ್ಸು ಬರಲಿ ಅಂತ ಕಾಯಬೇಡಿ

ಆ ದಿನಗಳಲ್ಲಿ ನನ್ನ ಕೋಣೆಯ ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು. ಮಡಿಸಲು ಮನಸ್ಸು ಬರಲಿ ಅಂತ ಹನ್ನೊಂದು ದಿನ ಕಾದೆ. ರಾಶಿ ಬೆಳೆಯಿತು. ನೋಡಿದಾಗೆಲ್ಲ ಇನ್ನಷ್ಟು ಬೇಜಾರು. ಹನ್ನೆರಡನೆಯ ದಿನ ಒಂದು ಟವೆಲ್ ಮಾತ್ರ ಮಡಿಸಿದೆ. ನಾಲ್ಕು ಮೂಲೆ ಕೂಡಿಸಿ, ಅಂಗೈಯಲ್ಲಿ ಸವರಿ, ಕಪಾಟಿನಲ್ಲಿಟ್ಟೆ. ಖುಷಿ ಏನೂ ಆಗಲಿಲ್ಲ. ಆದರೆ ಕೈ ತಾನಾಗಿ ಎರಡನೆಯ ಟವೆಲ್‌ಗೆ ಹೋಯಿತು.

ದುಃಖ ಜಾಸ್ತಿಯಾದಾಗ ನಾವು ಒಂದೊಂದೇ ಕೆಲಸ ಬಿಡುತ್ತೇವೆ. ಬಿಟ್ಟಷ್ಟೂ ಮನಸ್ಸಿಗೆ ಖುಷಿ ಕೊಡುವ ಗಳಿಗೆಗಳು ಕಡಿಮೆಯಾಗುತ್ತವೆ. ಆಗ ಇನ್ನೂ ಕುಗ್ಗುತ್ತೇವೆ, ಇನ್ನೂ ಬಿಡುತ್ತೇವೆ. ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸೋನ್ 1970ರ ದಶಕದಲ್ಲಿ ಈ ಸುತ್ತನ್ನು ವಿವರಿಸಿದರು. ಅದನ್ನು ಕೆಲಸದ ಕಡೆಯಿಂದ ಮುರಿಯುವ ಚಿಕಿತ್ಸೆ ಈಗ ಖಿನ್ನತೆಗೂ ಬಳಕೆಯಲ್ಲಿದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಹೋಲಿಸಿ ನೋಡಿದಾಗ, ಬೆಕ್ ಅವರ ಚಿಕಿತ್ಸೆಯಲ್ಲಿ ಕೆಲಸ ಮಾಡಿಸುವ ಈ ಭಾಗವನ್ನಷ್ಟೇ ಪಡೆದವರೂ ಪೂರ್ತಿ ಚಿಕಿತ್ಸೆ ಪಡೆದವರಷ್ಟೇ ಚೇತರಿಸಿಕೊಂಡಿದ್ದರು.

ಮಾಡುವುದು ಹೀಗೆ. ಮೊದಲ ವಾರ ಏನನ್ನೂ ಬದಲಿಸಬೇಡಿ. ಒಂದು ಹಾಳೆಯಲ್ಲಿ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಅಂತ ಬರೆದು ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ. ದಿನವೆಲ್ಲ ಒಂದೇ ಥರ ಕತ್ತಲಾಗಿತ್ತು ಅಂತ ನೆನಪು ಹೇಳುತ್ತದೆ, ಹಾಳೆ ಹಾಗೆ ಹೇಳುವುದಿಲ್ಲ. ನನ್ನ ಹಾಳೆಯಲ್ಲಿ ರಾತ್ರಿ ಫೋನ್ ನೋಡುತ್ತ ಮಲಗಿದ್ದಕ್ಕೆ ಎರಡು, ಮಹಡಿಯ ಮೇಲೆ ಬಟ್ಟೆ ಹರವಿದ್ದಕ್ಕೆ ನಾಲ್ಕೂವರೆ ಇತ್ತು. ಎರಡನೆಯ ವಾರದಿಂದ ದಿನಕ್ಕೆ ಎರಡೇ ಕೆಲಸ ಸೇರಿಸಿ. ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದು ಒಂದು, ಮುಗಿಸಿದೆ ಅನ್ನಿಸುವಂಥದ್ದು ಇನ್ನೊಂದು. ಹೊತ್ತು ಮೊದಲೇ ಗೊತ್ತುಮಾಡಿ. ಎಷ್ಟು ಚಿಕ್ಕದಿರಬೇಕು ಅಂದರೆ ತೀರಾ ಕೆಟ್ಟ ದಿನದಲ್ಲೂ ಆಗುವಷ್ಟು. "ನಾಳೆಯಿಂದ ಒಂದು ಗಂಟೆ ವಾಕಿಂಗ್" ಬೇಡ, "ಬೆಳಗ್ಗೆ ಏಳೂವರೆಗೆ ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ" ಸಾಕು. ಗೇಟಿನವರೆಗೆ ಹೋದವರು ಎಷ್ಟೋ ಸಲ ಇನ್ನೂ ನಾಲ್ಕು ಹೆಜ್ಜೆ ಹೋಗುತ್ತಾರೆ. ಮೊದಮೊದಲು ಖುಷಿ ಸಿಗದಿದ್ದರೆ ನಿಲ್ಲಿಸಬೇಡಿ, ಅದು ಸ್ವಲ್ಪ ತಡವಾಗಿ ಬರುತ್ತದೆ.

ಏಳುವ ಹೊತ್ತು ದಿನಾ ಒಂದೇ ಇರಲಿ. ಕುಡಿತ ಬೇಡ. ಆ ಗಳಿಗೆಗೆ ಹಗುರ ಅನ್ನಿಸಿದರೂ ನಿದ್ದೆ ಕೆಡಿಸಿ ಮರುದಿನ ಇನ್ನಷ್ಟು ಕುಗ್ಗಿಸುತ್ತದೆ.

ಬರೆಯುವುದು ಕೆಲವರಿಗೆ ಒಗ್ಗುತ್ತದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ತೋರಿಸಿದ ಕ್ರಮದಲ್ಲಿ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸನ್ನು ಕಾಡುವ ವಿಷಯವನ್ನು ಕೈ ನಿಲ್ಲಿಸದೆ ಬರೆಯಬೇಕು. ಕಾಗುಣಿತ ನೋಡಬೇಡಿ, ಯಾರಿಗೂ ತೋರಿಸಬೇಡಿ, ಬೇಕಾದರೆ ಹರಿದುಹಾಕಿ. ಬರೆದ ತಕ್ಷಣ ಮನಸ್ಸು ಇನ್ನೂ ಭಾರವಾಗುವುದುಂಟು, ಆಮೇಲೆ ಇಳಿಯುತ್ತದೆ. ಗಾಯ ತೀರಾ ಹಸಿಯಾಗಿದ್ದರೆ ಕೆಲವು ವಾರ ಬಿಟ್ಟು ಶುರು ಮಾಡಿ.

ಯಾರಿಗೆ ಹೇಳುವುದು, ಹೇಗೆ ಹೇಳುವುದು

"ಹೇಗಿದ್ದೀಯಾ?" ಅಂದರೆ "ಚೆನ್ನಾಗಿದ್ದೀನಿ" ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿದೆ. ಹೇಳಿಕೊಂಡರೆ ಎದುರಿನವರು ತಕ್ಷಣ ಬುದ್ಧಿ ಹೇಳುತ್ತಾರೆ ಅನ್ನುವ ಭಯವೂ ಇದೆ. ಅದಕ್ಕೆ ಏನು ಬೇಕು ಅಂತ ಮೊದಲೇ ಹೇಳಿಬಿಡಿ. ನಾನು ಒಂದು ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ:

"ಅಕ್ಕ, ಯಾಕೋ ತುಂಬಾ ಸಂಕಟ ಆಗ್ತಿದೆ. ಏನೂ ಹೇಳಬೇಡ. ಹತ್ತು ನಿಮಿಷ ಕೇಳಿಸ್ಕೋ ಸಾಕು."

"ಹೇಳು ಪುಟ್ಟಿ. ನಾನೆಲ್ಲೂ ಹೋಗಲ್ಲ."

ಆಮೇಲೆ ಸುಮಾರು ಹೊತ್ತು ನಾನು ಮಾತೇ ಆಡಲಿಲ್ಲ. ಅವಳೂ ಫೋನ್ ಇಡಲಿಲ್ಲ.

ಹೇಳಿಕೊಳ್ಳಲು ಒಬ್ಬರು ಸಾಕು. ಗುಟ್ಟು ಉಳಿಸಿಕೊಳ್ಳುವವರು, ನಿಮ್ಮ ದುಃಖಕ್ಕೆ ತಮ್ಮ ದೊಡ್ಡ ದುಃಖವನ್ನು ಎದುರಿಡದವರು. ಮೊದಲು ಹೇಳಿದವರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ, ಬಾಯಿ ಮುಚ್ಚಿಕೊಳ್ಳಬೇಡಿ.

ಸಾವಿನ ದುಃಖಕ್ಕೆ ಕ್ಯಾಲೆಂಡರ್ ಇಲ್ಲ

ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳುತ್ತಾರೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಹತ್ತಿರದವರನ್ನು ಕಳೆದುಕೊಂಡವರು ಆ ಐದು ಮೆಟ್ಟಿಲನ್ನು ಸಾಲಾಗಿ ಹತ್ತಲೇಬೇಕು ಅಂತೇನಿಲ್ಲ. ನನಗೆ ಹತ್ತಿರ ಅನ್ನಿಸಿದ್ದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಹೇಳಿದ್ದು. ಮನಸ್ಸು ಎರಡು ಕಡೆ ಓಲಾಡುತ್ತದೆ: ಒಮ್ಮೆ ಹೋದವರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ. ಬೆಳಗ್ಗೆ ಅತ್ತವರು ಸಂಜೆ ನಕ್ಕರೆ ಪ್ರೀತಿ ಕಡಿಮೆಯಾಯಿತು ಅಂತಲ್ಲ. ವರ್ಷಗಳ ನಂತರ ಒಂದು ದಿನ ತಟಕ್ಕನೆ ಕಣ್ಣು ತುಂಬಿದರೆ ಹಿಂದಕ್ಕೆ ಬಿದ್ದಿರಿ ಅಂತಲೂ ಅಲ್ಲ. ಹುಟ್ಟುಹಬ್ಬ, ತೀರಿಕೊಂಡ ದಿನ, ಇಂಥವು ಹತ್ತಿರ ಬಂದಾಗ ಯಾರಾದರೂ ಜೊತೆಯಲ್ಲಿರುವ ಹಾಗೆ ಮೊದಲೇ ನೋಡಿಕೊಳ್ಳಿ.

ಡಾಕ್ಟರ ಹತ್ತಿರ ಯಾವಾಗ?

ದುಃಖ ಅಲೆಯ ಹಾಗೆ ಬಂದು ಹೋಗುತ್ತದೆ, ನಡುವೆ ಬಿಡುವು ಕೊಡುತ್ತದೆ. ಖಿನ್ನತೆ ಬಿಡುವು ಕೊಡುವುದು ಕಡಿಮೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನಾ, ಮನಸ್ಸು ಕುಗ್ಗಿಯೇ ಇದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಎಲ್ಲ ಏರುಪೇರಾಗಿ "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನಿಸುತ್ತಿದ್ದರೆ ತಡ ಮಾಡಬೇಡಿ. ಡಾಕ್ಟರುಗಳು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ 2001ರಿಂದ ಇದೆ. ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ಕಾಣಬೇಕು. ಅದರಲ್ಲಿ ಸಾಯುವ ಯೋಚನೆಯ ಬಗ್ಗೆ ಇರುವ ಕೊನೆಯ ಪ್ರಶ್ನೆಗೆ "ಹೌದು" ಅನ್ನುವಂತಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ಹೋಗಲೇಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೆ ತಾಯಿಗೆ ಚಿಕಿತ್ಸೆ ಬೇಕಾಗಬಹುದು.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ, ದಿನಕ್ಕೆ ಎಷ್ಟು ಗಂಟೆ ನಿದ್ದೆ, ಯಾವ ಕೆಲಸ ಬಿಟ್ಟುಹೋಗಿದೆ, ಯಾವ ಮಾತ್ರೆ ತಗೊಳ್ತಿದ್ದೀರಿ. ಎದುರು ಕೂತಾಗ ಮಾತು ಹೊರಡದಿದ್ದರೆ ಚೀಟಿ ಕೊಟ್ಟುಬಿಡಿ. ಆಪ್ತಸಮಾಲೋಚನೆ, ಮಾತ್ರೆ ಅಥವಾ ಎರಡೂ ಹೇಳಬಹುದು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಏನೂ ಆಗಲಿಲ್ಲ ಅಂತಲೋ, ಹುಷಾರಾದೆ ಅಂತಲೋ ನೀವೇ ನಿಲ್ಲಿಸಬೇಡಿ.

ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ, ಈಗಲೇ, ಒಬ್ಬರಿಗೆ ಹೇಳಿ. "ನನಗೆ ಸಾಯೋ ಯೋಚನೆ ಬರ್ತಿದೆ, ಒಬ್ಬನೇ ಇರೋಕಾಗ್ತಿಲ್ಲ, ಬಾ" ಅಂದರೆ ಸಾಕು. ಒಬ್ಬರೇ ಇರಬೇಡಿ. ಜೀವಕ್ಕೆ ಅಪಾಯ ಮಾಡುವ ವಸ್ತುಗಳನ್ನು ಬೇರೆಯವರ ಕೈಗೆ ಕೊಡಿ. ನೀವಿರುವ ಕಡೆಯ ಸಹಾಯವಾಣಿಗೆ ಅಥವಾ ತುರ್ತು ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೇರೆಯವರ ಬಗ್ಗೆ ನಿಮಗೆ ಅನುಮಾನ ಬಂದಿದ್ದರೆ ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಯಾರಾದರೂ ಕೇಳಲಿ ಅಂತ ಅವರು ಕಾಯುತ್ತಿರಬಹುದು.

ಪಕ್ಕದಲ್ಲಿ ಕೂರುವವರಿಗೆ

"ಧೈರ್ಯ ತಗೋ", "ಅವರಿಗಿಂತ ನೀನೇ ವಾಸಿ", "ಎಷ್ಟು ದಿನ ಅಂತ ಅಳ್ತೀಯಾ" ಇವೆಲ್ಲ ಬೇಡ. ಪಕ್ಕದಲ್ಲಿ ಕೂರಿ. "ಏನಾದ್ರೂ ಬೇಕಾದ್ರೆ ಹೇಳು" ಅನ್ನುವ ಬದಲು ನೀವೇ ಒಂದು ಕೆಲಸ ಕೈಗೆತ್ತಿಕೊಳ್ಳಿ: ಊಟ ತಂದುಕೊಡಿ, ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಮೊದಲ ವಾರ ಎಲ್ಲರೂ ಬರುತ್ತಾರೆ. ಎರಡು ತಿಂಗಳಾದ ಮೇಲೆ, ಫೋನ್ ಮಾಡುವವರೆಲ್ಲ ನಿಲ್ಲಿಸಿದ ಮೇಲೆ, ನೀವು ಫೋನ್ ಮಾಡಿ. ಹೋದವರ ಹೆಸರು ಎತ್ತಲು ಹೆದರಬೇಡಿ.

ಅಪ್ಪನ ಹಳೆಯ ಸ್ನೇಹಿತರೊಬ್ಬರು ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಹೇಗಿದ್ದೀಯಮ್ಮ ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ "ನಿಮ್ಮಪ್ಪ ಒಂದ್ಸಲ ಏನ್ ಮಾಡಿದ್ದ ಗೊತ್ತಾ?" ಅಂತ ಶುರು ಮಾಡುತ್ತಾರೆ. ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ.